ಆರರವರೆಗೆ ಏರಿ ಇಳಿಯುವ ಸಂಖ್ಯೆ

12345654321.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ ನಿಲ್ಲುವ ಹನ್ನೊಂದು ಅಂಕಿಗಳ ಸಂಖ್ಯೆ ಇದು. ಇಂದಿನ ಕನ್ನಡದಲ್ಲಿ ಇದನ್ನು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಹೇಳಬೇಕು. ಹಾಗೆ ಹೇಳಿದಾಗ ಮೊತ್ತ ತಿಳಿಯುತ್ತದೆ, ಆದರೆ ಅದರ ಆಕಾರ ಮರೆಯಾಗುತ್ತದೆ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಇದೇ ಸಂಖ್ಯೆಯನ್ನು ಆಕಾರದಿಂದಲೇ ಹೆಸರಿಸಿದರು: ಒಂದರಿಂದ ತೊಡಗಿ ಆರರವರೆಗೆ ಹೋಗಿ, ಬಳಿಕ ಕ್ರಮವಾಗಿ ಇಳಿಯುವುದು. ಕೋಟಿ, ಲಕ್ಷಗಳ ಗೊಡವೆಯಿಲ್ಲದ ಈ ಒಂದು ಮಾತನ್ನು ಕೇಳಿದ ಮಗುವೂ ಸಂಖ್ಯೆಯನ್ನು ತಪ್ಪಿಲ್ಲದೆ ಬರೆಯಬಲ್ಲದು.

ಬೆಸೆಂಟ್ ನಗರದ ಕನ್ನಡಿಗರು ಈ ಸಂಖ್ಯೆಯನ್ನು ನೆನೆಯುವುದಕ್ಕೆ ಒಂದು ವಿಶೇಷ ಕಾರಣವಿದೆ. ಆ ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟರ ನಾಡಿನಲ್ಲಿ. ಅದು ಅಚ್ಚಾಗಿ ಲೋಕಕ್ಕೆ ತಿಳಿದದ್ದು ಈ ಊರಿನಿಂದ. 1912ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ ಅದು ಮೊದಲ ಬಾರಿಗೆ ಮುದ್ರಣಗೊಂಡಿತು. ಅದಕ್ಕೆ ಮೂಲವಾದ ಹಸ್ತಪ್ರತಿಗಳಲ್ಲಿ ಕೆಲವನ್ನು ಇಟ್ಟುಕೊಂಡಿದ್ದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ಈಗ ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಕಟ್ಟಡದಲ್ಲಿದೆ. ನಮ್ಮ ಬಡಾವಣೆಯಿಂದ ಅಡಯಾರು ನದಿಯ ಕಡೆಗೆ ಕೆಲವೇ ಕಿಲೋಮೀಟರು.

ಮಹಾವೀರಾಚಾರ್ಯರ ಬದುಕಿನ ಬಗ್ಗೆ ಅವರ ಗ್ರಂಥ ಹೇಳುವುದು ಅತ್ಯಲ್ಪ. ಅವರು ಜೈನರು, ಆರಂಭದಲ್ಲಿ ಮಹಾವೀರ ಜಿನನಿಗೆ ವಂದಿಸಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೊಗಳುತ್ತಾರೆ. 814ರಿಂದ 878ರವರೆಗೆ ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ಅರಸನೀತ. ಕನ್ನಡದ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿದ್ದೂ ಇವನ ಆಶ್ರಯದಲ್ಲಿಯೇ. ಒಂದೇ ಅರಸನ ಕಾಲದಲ್ಲಿ ಒಬ್ಬರು ಕನ್ನಡದ ಮಾತಿಗೆ ಲಕ್ಷಣವನ್ನು ಬರೆದರೆ, ಮತ್ತೊಬ್ಬರು ಸಂಸ್ಕೃತ ಪದ್ಯದಲ್ಲಿ ಸಂಖ್ಯೆಗೆ ಲಕ್ಷಣವನ್ನು ಬರೆದರು.

ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳಿವೆ. ಸಂಜ್ಞೆಗಳಿಂದ ಮೊದಲಾಗಿ ಗುಣಾಕಾರ, ಭಾಗಾಕಾರ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿಯ ಲೆಕ್ಕ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕಗಳವರೆಗೆ ಅದರ ಹರಹು. ಮೊದಲ ಅಧ್ಯಾಯದಲ್ಲಿ ಏಕ, ದಶ, ಶತ, ಸಹಸ್ರ ಎಂದು ತೊಡಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳಿವೆ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳಿಟ್ಟರೆ ಮಹಾಕ್ಷೋಭ. ಇಷ್ಟು ದೊಡ್ಡ ರಾಶಿಯನ್ನು ಎಣಿಸಲು ಯಾವ ಭಂಡಾರದಲ್ಲಿಯೂ ವಸ್ತುವಿರಲಿಲ್ಲ. ದೊಡ್ಡ ಸಂಖ್ಯೆಯ ಮೇಲಿನ ಒಲವು ಜೈನ ಚಿಂತನೆಯಲ್ಲಿ ಹಿಂದಿನಿಂದಲೂ ಇತ್ತು. ಆಚಾರ್ಯರು ಆ ಒಲವನ್ನು ಪಾಠದ ಮಣೆಗೆ ತಂದರು.

ಗುಣಾಕಾರದ ಭಾಗದಲ್ಲಿ ಅವರು ಕೊಡುವ ಕೆಲವು ಲೆಕ್ಕಗಳು ಈ ಬರಹದ ವಿಷಯ. ಉತ್ತರಗಳೆಲ್ಲ ಮಾಲೆಯಂತೆ ಎರಡೂ ಕಡೆ ಸಮನಾಗಿ ಬರುವ ಲೆಕ್ಕಗಳಿವು. ಆಚಾರ್ಯರು ಅಂಥವನ್ನು ಕೊರಳ ಆಭರಣಕ್ಕೆ ಹೋಲಿಸುತ್ತಾರೆ. ಇಂದಿನ ಅಂಕಿಗಳಲ್ಲಿ ಹೀಗೆ ಬರೆಯಬಹುದು:

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
333333666667 × 33 = 11000011000011
27994681 × 441 = 12345654321

ಕೊನೆಯದನ್ನು ಮೊದಲು ನೋಡೋಣ. 111111 ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 12345654321 ಬರುತ್ತದೆ. ಶಾಲೆಯಲ್ಲಿ ಕಲಿತಂತೆ ಒಂದರ ಕೆಳಗೊಂದು ಸಾಲನ್ನು, ಪ್ರತಿ ಸಲ ಒಂದು ಸ್ಥಾನ ಎಡಕ್ಕೆ ಸರಿಸಿ, ಆರು ಸಾಲು ಬರೆದರೆ ಕಾರಣ ಕಣ್ಣಿಗೆ ಕಾಣುತ್ತದೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಡುವಿನ ಕಂಬದಲ್ಲಿ ಆರು, ಆಮೇಲೆ ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು. ಒಂದುಗಳ ಸಂಖ್ಯೆ ಒಂಬತ್ತಾಗುವವರೆಗೂ ಈ ಬೆಟ್ಟ ಏರುತ್ತದೆ. ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳನ್ನು ಇಟ್ಟ ಕೂಡಲೇ ನಡುವಿನ ಕಂಬದ ಮೊತ್ತ ಹತ್ತಾಗಿ, ಒಂದು ಎಡಕ್ಕೆ ದಾಟುತ್ತದೆ. ಆಗ ಬರುವ 1234567900987654321 ಮಾಲೆಯಲ್ಲ. ನಮ್ಮ ಎಣಿಕೆ ಹತ್ತನ್ನು ಬುಡವಾಗಿ ಇಟ್ಟುಕೊಂಡಿರುವುದರಿಂದಲೇ ಈ ಚೆಲುವು ಉಂಟಾಗುತ್ತದೆ, ಅದರಿಂದಲೇ ಅದಕ್ಕೊಂದು ಎಲ್ಲೆಯೂ ಇದೆ.

ಆದರೆ ಆಚಾರ್ಯರು 111111ರ ವರ್ಗವನ್ನು ಇಲ್ಲಿ ನೇರವಾಗಿ ಕೇಳಲಿಲ್ಲ. 111111ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ 3, 7, 11, 13, 37 ಸಿಗುತ್ತವೆ. 3 ಮತ್ತು 7 ಸೇರಿದರೆ 21. ಉಳಿದ ಮೂರು ಸೇರಿದರೆ 5291. 21ರ ವರ್ಗ 441. 5291ರ ವರ್ಗ 27994681. ಲೆಕ್ಕದಲ್ಲಿ ಕಾಣುವ ಎರಡು ಸಂಖ್ಯೆಗಳೂ ಇವೇ. ನೋಡಿದವರಿಗೆ 27994681 ಯಾವ ರೂಪವೂ ಇಲ್ಲದ ಒರಟು ಕಲ್ಲು. 441ರಿಂದ ಗುಣಿಸಿದಾಗ ಅದರೊಳಗಿನ ಮಾಲೆ ಹೊರಬರುತ್ತದೆ. ಇಂಥ ಜೋಡಿ ಕೈಗೆ ಆಕಸ್ಮಿಕವಾಗಿ ಸಿಗುವುದು ಕಷ್ಟ. ಉತ್ತರವನ್ನು ಮೊದಲು ಇಟ್ಟುಕೊಂಡು, ಅದನ್ನು ಒಡೆದು, ಪ್ರಶ್ನೆಯನ್ನು ಹಿಂದಕ್ಕೆ ಕಟ್ಟಿದ ಕೈ ಇದು ಎಂದು ಊಹಿಸಲು ಸಾಕಷ್ಟು ಆಧಾರವಿದೆ. ಪಠ್ಯದಲ್ಲಿ ಆ ವಿಧಾನವನ್ನು ವಿವರಿಸುವ ಮಾತಿಲ್ಲ. ಸಂಖ್ಯೆಗಳೇ ಅದನ್ನು ಹೇಳುತ್ತವೆ.

ಏಳರ ಎರಡು ಲೆಕ್ಕಗಳು ಇನ್ನೊಂದು ಗುಟ್ಟನ್ನು ಬಿಚ್ಚಿಡುತ್ತವೆ. 1, 10, 100, 1000 ಎಂದು ಹತ್ತರ ಘಾತಗಳನ್ನು ಏಳರಿಂದ ಭಾಗಿಸುತ್ತ ಹೋದರೆ ಉಳಿಯುವ ಶೇಷಗಳು 1, 3, 2, 6, 4, 5. ಆಮೇಲೆ ಮತ್ತೆ ಒಂದರಿಂದ ಅದೇ ಸರದಿ. ಈಗ 100010001ನ್ನು ನೋಡಿ. ಅದರಲ್ಲಿ ಒಂದುಗಳು ಇರುವುದು ಮೂರು ಸ್ಥಾನಗಳಲ್ಲಿ. ಆ ಸ್ಥಾನಗಳ ಶೇಷಗಳು ಬಲದಿಂದ 1, 4, 2. ಕೂಡಿದರೆ ಏಳು, ಆದ್ದರಿಂದ ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 1000000001ರಲ್ಲಿ ತುದಿಗಳ ಶೇಷ 6 ಮತ್ತು 1, ಮತ್ತೆ ಏಳು. ಒಂದುಗಳ ನಡುವೆ ಎಷ್ಟು ಸೊನ್ನೆಗಳನ್ನು ಇಡಬೇಕೆಂಬುದು ಬರೆಯುವವನ ಇಚ್ಛೆಗೆ ಬಿಟ್ಟದ್ದಲ್ಲ. ಏಳರ ಆವರ್ತ ಅದನ್ನು ನಿರ್ಧರಿಸುತ್ತದೆ. ಸೊನ್ನೆಯನ್ನು ಖಾಲಿ ಜಾಗವೆಂದು ಬಿಡದೆ, ಸ್ಥಾನವನ್ನು ಹಿಡಿದಿಡುವ ಅಂಕಿಯೆಂದು ನಂಬಿದವರಿಗೆ ಮಾತ್ರ ಇಂಥ ಲೆಕ್ಕ ಹೊಳೆದೀತು.

ಇನ್ನು ಇವುಗಳ ಪ್ರಯೋಜನವೇನು? ಬರಿಯ ವಿನೋದವೆಂದು ತಳ್ಳಿಹಾಕುವ ಮೊದಲು ಆ ಕಾಲದ ಪಾಠಶಾಲೆಯನ್ನು ನೆನೆಯಬೇಕು. ಲೆಕ್ಕವನ್ನು ಧೂಳು ಹರಡಿದ ಹಲಗೆಯ ಮೇಲೆ ಮಾಡುತ್ತಿದ್ದರು. ಒಂದು ಹಂತ ಮುಗಿದಂತೆ ಹಿಂದಿನ ಅಂಕಿಗಳನ್ನು ಅಳಿಸಿಬಿಡುತ್ತಿದ್ದರು. ಗುಣ್ಯ, ಗುಣಕಗಳನ್ನು ಬಾಗಿಲ ಎರಡು ಕದಗಳಂತೆ ಇಟ್ಟು ಒಂದನ್ನು ಸರಿಸುತ್ತ ಹೋಗುವ 'ಕವಾಟಸಂಧಿ' ವಿಧಾನವನ್ನು ಆಚಾರ್ಯರು ಹೇಳುತ್ತಾರೆ. ಹೀಗೆ ಮಾಡಿದ ಲೆಕ್ಕದಲ್ಲಿ ತಪ್ಪು ಎಲ್ಲಿ ಆಯಿತೆಂದು ಹಿಂದಿರುಗಿ ನೋಡಲು ಏನೂ ಉಳಿದಿರುವುದಿಲ್ಲ. ಉತ್ತರವೇ ಮಾಲೆಯಾಗಿದ್ದರೆ, ಗುರುವನ್ನು ಕೇಳದೆ ಶಿಷ್ಯನೇ ತನ್ನ ಲೆಕ್ಕದ ಸರಿತಪ್ಪನ್ನು ತಿಳಿಯಬಲ್ಲನು.

ಈ ಗುಣ ಶಿಷ್ಯನಿಗೆ ಮಾತ್ರವಲ್ಲ, ಲಿಪಿಕಾರನಿಗೂ ಸಂಪಾದಕನಿಗೂ ನೆರವಾಗುತ್ತದೆ. ಅಂದಿನ ಗಣಿತಗ್ರಂಥಗಳಲ್ಲಿ ಸಂಖ್ಯೆಗಳನ್ನು ಪದ್ಯದಲ್ಲಿ ಶಬ್ದಗಳಾಗಿ ಹೊಸೆಯುತ್ತಿದ್ದರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಕಡಲೆಂದರೆ ನಾಲ್ಕು, ಋತುವೆಂದರೆ ಆರು. ಈ ಶಬ್ದಗಳನ್ನು ಬಿಡಿಯ ಸ್ಥಾನದಿಂದ ತೊಡಗಿ ಎಡಕ್ಕೆ ಓದುವುದು ರೂಢಿ. ಒಂದು ಶಬ್ದ ಕೆಟ್ಟರೆ, ಇಲ್ಲವೆ ದಿಕ್ಕು ತಪ್ಪಿದರೆ, ಸಂಖ್ಯೆಯೇ ಬೇರೆಯಾಗುತ್ತದೆ. ಮಾಲೆಯ ಸಂಖ್ಯೆಗೆ ದಿಕ್ಕಿನ ಭಯವಿಲ್ಲ. ಅಷ್ಟೇ ಅಲ್ಲದೆ, ಒಂದು ಓಲೆಯಲ್ಲಿ 27994681ರ ಎಂಟು ಯಾರದೋ ಕೈತಪ್ಪಿನಿಂದ ಒಂಬತ್ತಾಯಿತೆಂದು ಭಾವಿಸಿ. 27994691ನ್ನು 441ರಿಂದ ಗುಣಿಸಿದರೆ 12345658731 ಬರುತ್ತದೆ. ಮಾಲೆ ಅರ್ಧದಲ್ಲಿ ಹರಿದದ್ದು ತಕ್ಷಣ ಕಾಣುತ್ತದೆ, ಎಷ್ಟು ಹೆಚ್ಚಾಯಿತೆಂದು ಲೆಕ್ಕಹಾಕಿ ತಪ್ಪಿದ ಅಂಕಿಯನ್ನು ಹುಡುಕಲೂಬಹುದು. ಕಾವ್ಯದ ಹಸ್ತಪ್ರತಿಯಲ್ಲಿ ಎರಡು ಪಾಠಾಂತರಗಳು ಎದುರಾದರೆ ವಿದ್ವಾಂಸರು ತಲೆಮಾರುಗಳವರೆಗೆ ವಾದಿಸಬೇಕಾಗುತ್ತದೆ. ಇಲ್ಲಿ ಒಂದು ಗುಣಾಕಾರ ತೀರ್ಪು ಕೊಡುತ್ತದೆ.

ಸಾವಿರ ವರ್ಷಗಳ ಪಯಣದಲ್ಲಿ ಇಂಥ ಕಾವಲು ಬೇಕಾಗಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿಯೇ ಗಣಿತವನ್ನು ಬರೆದ ರಾಜಾದಿತ್ಯನು 12ನೆಯ ಶತಮಾನದವನು. ಆಮೇಲಿನ ಶತಮಾನಗಳಲ್ಲಿ ಉತ್ತರದ ಪಾಠಶಾಲೆಗಳಲ್ಲಿ ಭಾಸ್ಕರಾಚಾರ್ಯರ 'ಲೀಲಾವತಿ' ಹರಡಿಕೊಂಡಿತು. 'ಗಣಿತಸಾರಸಂಗ್ರಹ' ದಕ್ಷಿಣದ ಓಲೆಗರಿಗಳಲ್ಲಿ ಉಳಿಯಿತು.

ಅದನ್ನು ಹೊರತೆಗೆದ ಕಥೆ ಮದರಾಸಿನದು. ಎಂ. ರಂಗಾಚಾರ್ಯರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರು. ಆ ಹುದ್ದೆಯ ಜೊತೆಗೆ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಮೇಲ್ವಿಚಾರಣೆಯೂ ಅವರದಾಗಿತ್ತು. ಗಣಿತದ ಇತಿಹಾಸಕ್ಕೆ ಬೆಳಕು ನೀಡುವ ಹಸ್ತಪ್ರತಿಗಳಿವೆಯೇ ಎಂದು ಹುಡುಕಲು ಆಗಿನ ಶಿಕ್ಷಣ ಇಲಾಖೆಯ ನಿರ್ದೇಶಕ ಜಿ. ಎಚ್. ಸ್ಟುವರ್ಟ್ ಅವರನ್ನು ಕೇಳಿಕೊಂಡರು. ಹುಡುಕಿದಾಗ ಸಿಕ್ಕಿದ್ದು 'ಗಣಿತಸಾರಸಂಗ್ರಹ'ದ ಮೂರು ಅಪೂರ್ಣ ಪ್ರತಿಗಳು. ಉಳಿದ ಭಾಗಗಳಿಗಾಗಿ ಅವರು ಹೊರಗೆ ಕೈಚಾಚಬೇಕಾಯಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಿಂದ ಕನ್ನಡ ಲಿಪಿಯ ಒಂದು ಪ್ರತಿ ಬಂದಿತು. ಅದರಲ್ಲಿ ವಲ್ಲಭನೆಂಬುವನ ಕನ್ನಡ ಟೀಕೆ ಇತ್ತು. ಮೂಡುಬಿದಿರೆಯ ಜೈನ ಮಠದಿಂದ ಇನ್ನೊಂದು ಬಂದಿತು, ಅದೂ ಕನ್ನಡ ಲಿಪಿಯದೇ. ಸಂಸ್ಕೃತದ ಗ್ರಂಥವೊಂದು ಪೂರ್ಣವಾಗಿ ಉಳಿದದ್ದು ಕನ್ನಡದ ಅಕ್ಷರಗಳ ಆಸರೆಯಲ್ಲಿ ಎಂಬುದನ್ನು ಗಮನಿಸಬೇಕು.

ಇನ್ನೊಂದು ಸಂಗತಿಯನ್ನೂ ಹೊರನಾಡಿನಲ್ಲಿರುವ ನಾವು ಮರೆಯಬಾರದು. ಆಗ ಮೂಡುಬಿದಿರೆ ಇದ್ದದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ; ಕಾಸರಗೋಡು ಅದೇ ಜಿಲ್ಲೆಯ ಭಾಗ. ಮೈಸೂರು ಬೇರೊಂದು ಸಂಸ್ಥಾನ. 1956ರ ನವೆಂಬರ್ 1ರಂದು ಎಳೆದ ಗೆರೆಗಳಿಂದ ನೋಡಿದರೆ ಈ ಓಲೆಗಳು ಹೊರರಾಜ್ಯಕ್ಕೆ ಹೋದಂತೆ ತೋರುತ್ತದೆ. ಅಂದಿನ ಲೆಕ್ಕದಲ್ಲಿ ಮೂಡುಬಿದಿರೆಯ ಪ್ರತಿ ತನ್ನ ಪ್ರಾಂತ್ಯದ ರಾಜಧಾನಿಗೆ ಬಂದಿತ್ತು, ಮೈಸೂರಿನದು ಗಡಿ ದಾಟಿ ಬಂದಿತ್ತು.

ಗ್ರಂಥ ಅಚ್ಚಾಗುವ ಮೊದಲೇ ಅದರ ಸುದ್ದಿ ಹೊರಗೆ ಹೋಗಿತ್ತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಯೂಜೀನ್ ಸ್ಮಿತ್ 1908ರಲ್ಲಿ ರೋಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅದರ ಕುರಿತು ಪ್ರಬಂಧ ಮಂಡಿಸಿದರು. 1912ರ ಮುದ್ರಣಕ್ಕೆ ಪೀಠಿಕೆಯನ್ನೂ ಬರೆದರು. ರಂಗಾಚಾರ್ಯರು ಮೂಲದೊಡನೆ ಇಂಗ್ಲಿಷ್ ಅನುವಾದವನ್ನೂ ಟಿಪ್ಪಣಿಗಳನ್ನೂ ಕೊಟ್ಟರು. ಮುಂದೆ 1963ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದ ಬಂದಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ ಹೊರಬಂದದ್ದು 2000ದಲ್ಲಿ. ಮದರಾಸಿನ ಅಚ್ಚಿನಿಂದ ಕನ್ನಡದ ಅಚ್ಚಿಗೆ ಬರಲು ಎಂಬತ್ತೆಂಟು ವರ್ಷ ಹಿಡಿದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಅದೇ 1912ರ ಮಾರ್ಚ್ 1ರಂದು ಶ್ರೀನಿವಾಸ ರಾಮಾನುಜನ್ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದರು. ಕೆಲವು ವರ್ಷಗಳ ಬಳಿಕ ಇಂಗ್ಲೆಂಡಿನಲ್ಲಿ, ತಮ್ಮನ್ನು ನೋಡಲು ಬಂದ ಹಾರ್ಡಿಯವರಿಗೆ, 1729 ಎಂಬುದು ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಎಂದು ಅವರು ಹೇಳಿದ್ದು ಎಲ್ಲರಿಗೂ ಗೊತ್ತು: 12ರ ಘನ ಮತ್ತು 1ರ ಘನ, 10ರ ಘನ ಮತ್ತು 9ರ ಘನ. ಈಗ ಆಚಾರ್ಯರ 1000000001ನ್ನು 1729ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ 578369 ಬರುತ್ತದೆ. ಆಚಾರ್ಯರ ಸಂಖ್ಯೆಯೂ ಎರಡು ಘನಗಳ ಮೊತ್ತವೇ: ಸಾವಿರದ ಘನ ಮತ್ತು ಒಂದರ ಘನ. ಒಂದೇ ಊರು, ಒಂದೇ ವರ್ಷ, ಒಂದು ಸಂಖ್ಯೆ ಇನ್ನೊಂದರೊಳಗೆ!

ಇದರಿಂದ ಕಥೆ ಕಟ್ಟುವುದು ಬಹಳ ಸುಲಭ. ಆದರೆ ಇದು ಇತಿಹಾಸವಲ್ಲ. 1729ರ ಅವಿಭಾಜ್ಯಗಳು 7, 13, 19. ಆ ಮೂರೂ 1000000001ರಲ್ಲಿ ಇರುವುದರಿಂದ ಹೀಗಾಯಿತು. ಸಂಖ್ಯೆಗಳ ನಡುವೆ ಸಂಬಂಧವಿದೆ ಎಂದ ಮಾತ್ರಕ್ಕೆ ಅವುಗಳನ್ನು ನೆನೆದ ಮನುಷ್ಯರ ನಡುವೆಯೂ ಸಂಬಂಧವಿತ್ತೆಂದು ಹೇಳಲಾಗದು. ಮನುಷ್ಯರ ಸಂಬಂಧಕ್ಕೆ ಓಲೆ, ಪತ್ರ, ಗುರುಶಿಷ್ಯರ ದಾಖಲೆ ಬೇಕು.

ಅಂಥ ದಾಖಲೆಯುಳ್ಳ ಕನ್ನಡ ನಂಟೊಂದು ನಮ್ಮ ನೆರೆಯಲ್ಲಿಯೇ ಇದೆ. ಬೆಸೆಂಟ್ ನಗರಕ್ಕೆ ಹತ್ತಿರದ ತರಮಣಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಗಣಿತ ವಿಜ್ಞಾನಗಳ ಸಂಸ್ಥೆ ಇದೆ. ಅದರ ನಿರ್ದೇಶಕರಾಗಿದ್ದ ಆರ್. ಬಾಲಸುಬ್ರಮಣಿಯನ್ ಅವರು ದೆಶುಯೆ ಮತ್ತು ದ್ರೆಸ್ ಎಂಬ ಇಬ್ಬರು ಫ್ರೆಂಚ್ ಗಣಿತಜ್ಞರೊಡನೆ 1986ರಲ್ಲಿ ಒಂದು ಹಳೆಯ ಪ್ರಶ್ನೆಯನ್ನು ಬಗೆಹರಿಸಿದರು: ಎಷ್ಟೇ ದೊಡ್ಡ ಪೂರ್ಣಸಂಖ್ಯೆಯಾದರೂ ಅದನ್ನು ಹೆಚ್ಚೆಂದರೆ ಹತ್ತೊಂಬತ್ತು ನಾಲ್ಕನೆಯ ಘಾತಗಳ ಮೊತ್ತವಾಗಿ ಬರೆಯಬಹುದು. 79ನ್ನು ಬರೆಯಲು ನಾಲ್ಕು ಹದಿನಾರುಗಳೂ ಹದಿನೈದು ಒಂದುಗಳೂ ಬೇಕಾಗುವುದರಿಂದ, ಹತ್ತೊಂಬತ್ತಕ್ಕಿಂತ ಕಡಿಮೆಯಲ್ಲಿ ಆಗದು. ಅವರ ಗುರು ಕೆ. ರಾಮಚಂದ್ರ, 1933ರಲ್ಲಿ ಮಂಡ್ಯದಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಸಂಖ್ಯಾಶಾಸ್ತ್ರಜ್ಞರು. ಗುರುಶಿಷ್ಯರಿಬ್ಬರೂ ಸೇರಿ 1978ರಲ್ಲಿ ಹಾರ್ಡಿ ಮತ್ತು ರಾಮಾನುಜನ್ ಹೆಸರಿನ ಪತ್ರಿಕೆಯನ್ನು ಆರಂಭಿಸಿದರು.

ಆಚಾರ್ಯರ ಮಾಲೆಗೂ ಈ ಹತ್ತೊಂಬತ್ತಕ್ಕೂ ನಡುವಿನ ದೂರವನ್ನು ಮುಚ್ಚಿಡಬೇಕಾಗಿಲ್ಲ. ಆಚಾರ್ಯರು ಕೊಟ್ಟದ್ದು ಆಯ್ದ ಕೆಲವು ಸಂಖ್ಯೆಗಳ ಗುಣ. ಇಪ್ಪತ್ತನೆಯ ಶತಮಾನದವರು ಸಾಧಿಸಿದ್ದು ಎಲ್ಲ ಸಂಖ್ಯೆಗಳಿಗೂ ಸಲ್ಲುವ ನಿಯಮ. ನಮ್ಮ ಪೂರ್ವಜರಿಗೆ ಎಲ್ಲವೂ ತಿಳಿದಿತ್ತೆಂಬ ಭಾಷಣವನ್ನು ಹೊರನಾಡ ಕನ್ನಡ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. 'ಗಣಿತಸಾರಸಂಗ್ರಹ'ಕ್ಕೆ ಅಂಥ ಹೊಗಳಿಕೆಯ ಅಗತ್ಯವಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದರು. ಅವರಿಗೆ ತಿಳಿದಿದ್ದ ಸಂಖ್ಯೆಗಳ ಮಟ್ಟಿಗೆ ಅದು ಸರಿ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಹೇಳಿದರು, ಅದು ತಪ್ಪು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ನಾವು ಅಂಜಬೇಕಾಗಿಲ್ಲ, ಏಕೆಂದರೆ ಎರಡನ್ನೂ ತೂಗಿ ನೋಡುವ ತಕ್ಕಡಿಯನ್ನು ಗಣಿತ ತನ್ನೊಳಗೇ ಇಟ್ಟುಕೊಂಡಿದೆ.

ಪರಂಪರೆಯ ಬಹುಪಾಲನ್ನು ನಾವು ನಂಬಿಕೆಯ ಮೇಲೆ ಸ್ವೀಕರಿಸಬೇಕಾಗುತ್ತದೆ. ಶಾಸನದ ತೇದಿ, ಕವಿಯ ಊರು, ಅರಸನ ವಂಶ, ಎಲ್ಲಕ್ಕೂ ಯಾರದೋ ಸಾಕ್ಷ್ಯ ಬೇಕು. ಈ ಮಾಲೆಗೆ ಮಾತ್ರ ಬೇರೆ ಸಾಕ್ಷಿ ಬೇಡ. ಚೆನ್ನೈಯಲ್ಲಿ ಹುಟ್ಟಿ, ಮನೆಯಲ್ಲಿ ಮಾತ್ರ ಕನ್ನಡ ಆಡುವ ಮಕ್ಕಳಿಗೆ ನಾಡಿನ ಹಿರಿಮೆಯನ್ನು ಹೇಗೆ ಹೇಳಿಕೊಡಬೇಕೆಂಬ ಚಿಂತೆ ನಮ್ಮಲ್ಲಿ ಅನೇಕರಿಗಿದೆ. ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು, 27994681ನ್ನು 441ರಿಂದ ಗುಣಿಸಲು ಹೇಳಬಹುದು. ಮಗು ದಾರಿಯಲ್ಲಿ ತಪ್ಪಿದರೆ ಮಾಲೆ ಕೂಡುವುದಿಲ್ಲ. ತಪ್ಪದಿದ್ದರೆ, ನೃಪತುಂಗನ ಕಾಲದ ಶಿಷ್ಯನೊಬ್ಬ ಧೂಳಿನ ಹಲಗೆಯ ಮೇಲೆ ಕಂಡ ಉತ್ತರವನ್ನೇ ಅದೂ ಕಾಣುತ್ತದೆ.